ಎಂಟು ಡಬ್ಬಿಗಳ ಸಾಲು

ಸೇನೆಯ ನಾಯಿ ತರಬೇತಿ ಕೇಂದ್ರದಲ್ಲಿ ಡಬ್ಬಿ ಮಾವನಿಗೆ ಸಮವಸ್ತ್ರ ಇರಲಿಲ್ಲ, ಪದಕ ಇರಲಿಲ್ಲ, ತನ್ನದು ಅನ್ನುವ ನಾಯಿಯೂ ಇರಲಿಲ್ಲ. ಇದ್ದದ್ದು ಎಂಟು ತಗಡಿನ ಡಬ್ಬಿ. ಅಂಗೈಯಗಲ, ಮುಚ್ಚಳದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು. ಏಳು ಖಾಲಿ, ಒಂದರಲ್ಲಿ ಹತ್ತು ಗ್ರಾಂ ಮದ್ದು. ನೆಲದಡಿ ಹೂಳುವ ಬಾಂಬಿನಲ್ಲಿರುವ ಮದ್ದೇ, ಆದರೆ ಸಿಡಿಸುವ ಸಾಧನ ಜೊತೆಗಿಲ್ಲದ್ದರಿಂದ ಡಬ್ಬಿಯೊಳಗೆ ತೆಪ್ಪಗಿರುವಂಥದ್ದು. ಬೆಳಿಗ್ಗೆ ಉದ್ದನೆಯ ಶೆಡ್ಡಿನಲ್ಲಿ ಎಂಟನ್ನೂ ಎರಡೆರಡು ಮೀಟರ್ ಅಂತರದಲ್ಲಿ ಸಾಲಾಗಿ ಇಡುವುದು, ಸಂಜೆ ಎತ್ತಿ ಬೀರುವಿಗೆ ಸೇರಿಸುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಾಯಿ ಸಾಲನ್ನು ಮೂಸುತ್ತ ಬಂದು ಮದ್ದಿನ ಡಬ್ಬಿಯ ಮುಂದೆ ಕೂತರೆ ಗೆದ್ದಂತೆ, ಅದಕ್ಕೊಂದು ಚೆಂಡು. ಕೂರದಿದ್ದರೆ ಏನೂ ಇಲ್ಲ.

ಕೆಲಸ ಚಿಕ್ಕದು ಅಂದವರಿಗೆ ಅವನು ಉತ್ತರ ಕೊಡುತ್ತಿರಲಿಲ್ಲ. ಯಾವ ಡಬ್ಬಿಯಲ್ಲಿ ಮದ್ದಿದೆ ಎಂದು ನಾಯಿ ಹಿಡಿದ ಸೈನಿಕನಿಗೆ ತಿಳಿದಿರಬಾರದು. ತಿಳಿದಿದ್ದರೆ ಅವನ ಭುಜ ಬಿಗಿಯುತ್ತದೆ, ಉಸಿರು ತಡೆಯುತ್ತದೆ, ನಾಯಿ ಮದ್ದನ್ನು ಬಿಟ್ಟು ಮನುಷ್ಯನನ್ನು ಓದುತ್ತದೆ. ಆದ್ದರಿಂದ ಗುಟ್ಟು ತಿಳಿದವನು ಡಬ್ಬಿ ಮಾವ ಒಬ್ಬನೇ. ಅವನೂ ಪರೀಕ್ಷೆ ನಡೆಯುವಾಗ ಹಲಗೆಯ ಮರೆಯಲ್ಲಿ ನಿಲ್ಲುತ್ತಿದ್ದ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದ. ಖಾಲಿ ಡಬ್ಬಿಗಳನ್ನು ಇಕ್ಕಳದಿಂದ ಇಡುವುದು. ಮದ್ದಿನ ಡಬ್ಬಿ ಜಾರಿ ಬೀಳಬಾರದೆಂದು ನಿಯಮವೇ ಇತ್ತು, ಅದನ್ನು ಹೊಸ ಗ್ಲೌಸು ಹಾಕಿ ಕೈಯಲ್ಲೇ ಒಯ್ಯುವುದು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಅಧಿಕಾರಿ ಆ ಡಬ್ಬಿಯ ಮುಚ್ಚಳದ ಮೇಲೆ ಧೂಳು ಕಂಡು ಗದರಿದ್ದರು. ಅಂದಿನಿಂದ ಅದನ್ನು ಬೀರುವಿನಿಂದ ತೆಗೆದ ಕೂಡಲೇ ಅಂಗಿಯ ಜೇಬಿನ ಕರ್ಚೀಫಿನಿಂದ ಮುಚ್ಚಳವನ್ನು ಒಮ್ಮೆ ಒರೆಸುವುದು ರೂಢಿಯಾಗಿತ್ತು. ಕರ್ಚೀಫು ಹೆಂಡತಿ ದಿನವೂ ಒಗೆದು ಮಡಿಸಿ ಕೊಡುವಂಥದ್ದು. ಕೊಳೆ ಅನ್ನುವ ಮಾತೇ ಇಲ್ಲ.

ಕೇಂದ್ರದ ನಾಯಿಗಳಿಗೆಲ್ಲ ಅವನೆಂದರೆ ಪ್ರಾಣ. ಅಂಗಳ ದಾಟುವಾಗ ಹಗ್ಗ ಜಗ್ಗಿಕೊಂಡು ಬಂದು, ಎದೆಗೆ ಕಾಲು ಕೊಟ್ಟು, ಅಂಗಿಯ ಜೇಬಿಗೆ ಮೂತಿ ಒತ್ತಿ ಬಾಲ ಬಡಿಯುತ್ತಿದ್ದವು. ಮಕ್ಕಳಿಲ್ಲದ ಮನುಷ್ಯನಿಗೆ ಅದು ಸಣ್ಣ ಸಂಗತಿಯಲ್ಲ. "ನನಗೆ ಎಂಟು ಡಬ್ಬಿ, ನಲವತ್ತು ಮಕ್ಕಳು" ಎಂದು ಹೆಂಡತಿಯ ಮುಂದೆ ಬೀಗುತ್ತಿದ್ದ.

ಜೇಬಿಗೆ ಮೂತಿ ಒತ್ತದ ನಾಯಿ ಒಂದೇ. ಅದು ಬೆರಕೆ.

ಬೆರಕೆಯ ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಎದೆ ಅಗಲ, ಕಾಲು ಗಿಡ್ಡ, ಬಾಲ ಬೆನ್ನ ಮೇಲೆ ಸುರುಳಿ. ಗಡಿಯ ಒಂದು ಕಾವಲು ಠಾಣೆಯಲ್ಲಿ ಅಡುಗೆಮನೆಯ ಹಿಂದೆ ಹುಟ್ಟಿದ ಮರಿ. ಅಲ್ಲಿದ್ದ ಸೈನಿಕನೊಬ್ಬ ಅದನ್ನು ಸಾಕಿ, ತಾನೇ ಒಂದು ವರ್ಷ ಮದ್ದು ಹುಡುಕುವುದನ್ನು ಕಲಿಸಿ, ಬೆನ್ನುಹತ್ತಿ ಅನುಮತಿ ಪಡೆದು ಕೇಂದ್ರಕ್ಕೆ ತಂದಿದ್ದ. ಅವನ ಬಾಯಿಗೆ ಬೀಗವಿಲ್ಲದ್ದರಿಂದ ಎಲ್ಲರೂ ಅವನನ್ನು ಮೌನಿ ಎಂದು ಕರೆಯುತ್ತಿದ್ದರು.

"ನಾಲ್ಕು ನಾಯಿ ಮಾಡಿ ಮಿಕ್ಕಿದ ಬಿಡಿಭಾಗ ಸೇರಿಸಿ ಇದನ್ನ ಮಾಡಿದಾರೆ ಕಣಯ್ಯ" ಅಂದಿದ್ದ ಏಣಿ. ಆರಡಿ ಮೂರಂಗುಲದ ಏಣಿಯ ಕೈಯಲ್ಲಿದ್ದದ್ದು ಮೂರು ತಲೆಮಾರಿನ ವಂಶಾವಳಿ ಇರುವ ಜಾತಿ ನಾಯಿ.

"ಬಿಡಿಭಾಗ ಸಿಗೋ ಗಾಡಿನೇ ವಾಸಿ ಏಣಿ, ಕೆಟ್ಟರೆ ರಿಪೇರಿ ಆಗತ್ತೆ" ಅಂದ ಮೌನಿ. "ನಿನ್ನದು ಕೆಟ್ಟರೆ ಅಜ್ಜನ ಸರ್ಟಿಫಿಕೇಟು ಹಿಡ್ಕೊಂಡು ಅಳಬೇಕು."

ಡಬ್ಬಿ ಮಾವನ ಮನಸ್ಸು ಏಣಿಯ ಕಡೆಗೇ ಇತ್ತು. ಅಚ್ಚುಕಟ್ಟಿನ ಮನುಷ್ಯನಿಗೆ ಅಚ್ಚುಕಟ್ಟಿನ ನಾಯಿ ಇಷ್ಟ. ಬೆರಕೆ ಅವನ ಪಕ್ಕದಲ್ಲೇ ಹಾದುಹೋಗುವಾಗ ಒಮ್ಮೆ ಮುಖ ನೋಡಿ, ಆಯಿತು ಅನ್ನುವಂತೆ ಮುಂದೆ ನಡೆಯುತ್ತಿತ್ತು. ಬೀದಿ ಬುದ್ಧಿ, ಪ್ರೀತಿ ಗೊತ್ತಿಲ್ಲ ಎಂದುಕೊಂಡಿದ್ದ.

ಆ ಮಂಗಳವಾರ ಕೊನೆಯ ಪರೀಕ್ಷೆ. ಐದು ಜಾತಿ ನಾಯಿಗಳು, ಜೊತೆಗೆ ಬೆರಕೆ. ಗೆದ್ದವುಗಳಲ್ಲಿ ಎರಡು ಗುರುವಾರ ಬೆಳಿಗ್ಗೆ ಆರಕ್ಕೆ ಲಾರಿ ಹತ್ತಿ ಗಡಿಗೆ ಹೋಗಬೇಕು. ವಂಶಾವಳಿ ಇಲ್ಲದ ನಾಯಿಗೆ ಒಂದೇ ಅವಕಾಶ ಎಂಬ ಷರತ್ತಿತ್ತು. ಸೋತರೆ ಬೆರಕೆಯನ್ನು ಅದೇ ಲಾರಿ ದಾರಿಯಲ್ಲಿ ಪಟ್ಟಣದ ಬೀದಿನಾಯಿಗಳ ದೊಡ್ಡಿಯಲ್ಲಿ ಇಳಿಸುತ್ತದೆ. ಐದೂ ನಾಯಿಗಳು ಐದನೆಯ ಡಬ್ಬಿಯ ಮುಂದೆ ಕೂತವು, ಒಂದಾದ ಮೇಲೊಂದು, ಗಡಿಯಾರದ ಮುಳ್ಳಿನಷ್ಟು ನಿಖರವಾಗಿ. ಬೆರಕೆ ಎಂಟನ್ನೂ ಮೂಸಿತು. ತಿರುಗಿ ಬಂದು ಇನ್ನೊಮ್ಮೆ ಎಂಟನ್ನೂ ಮೂಸಿತು. ಆಮೇಲೆ ಸಾಲಿನ ಕೊನೆಯಲ್ಲಿ ನಿಂತು ಮೌನಿಯ ಮುಖ ನೋಡಿತು. ಕೂರಲಿಲ್ಲ.

ಮೌನಿ ಅಂದು ನಿಜವಾಗಿ ಮೌನಿಯಾದ.

ಸಂಜೆ ಡಬ್ಬಿ ಮಾವ ನಿಯಮದಂತೆ ಮದ್ದಿನ ಡಬ್ಬಿಯನ್ನು ತೂಕಕ್ಕಿಟ್ಟ. ಪುಸ್ತಕದಲ್ಲಿ ನೂರಾ ಹದಿನೆಂಟು ಗ್ರಾಂ ಎಂದಿತ್ತು, ಯಂತ್ರ ನೂರಾ ಇಪ್ಪತ್ತೊಂದು ತೋರಿಸಿತು. ಮದ್ದು ದಿನ ಕಳೆದಂತೆ ಕೂದಲೆಳೆಯಷ್ಟು ಇಳಿಯುವುದುಂಟು, ಏರುವುದು ಎಲ್ಲಾದರೂ ಉಂಟೇ? ಮತ್ತೆ ಇಟ್ಟ. ನೂರಾ ಇಪ್ಪತ್ತೊಂದು. ಮುಚ್ಚಳ ತಿರುಗಿಸಿದ. ಒಳಗೆ ಹೊಚ್ಚಹೊಸ ತಗಡು ಹೊಳೆಯುತ್ತಿತ್ತು, ಅಷ್ಟೇ. ಕಳೆದ ವಾರ ಬಂದ ಹೊಸ ಡಬ್ಬಿಗಳ ತಗಡು ದಪ್ಪ, ತಳಕ್ಕೆ ಗುರುತಿನ ಚೀಟಿ ಇನ್ನೂ ಅಂಟಿಸಿರಲಿಲ್ಲ. ಖಾಲಿ ಡಬ್ಬಿಯೇ ತೂಕದಲ್ಲಿ ಮದ್ದಿನ ಡಬ್ಬಿಯಂತಿದ್ದು ಅವನ ಕೈಗೆ ವ್ಯತ್ಯಾಸ ತಿಳಿದಿರಲಿಲ್ಲ. ಮದ್ದಿನ ಡಬ್ಬಿ ಬೀರುವಿನ ಮೂಲೆಯಲ್ಲಿ ಬೆಳಗಿನಿಂದ ಕೂತೇ ಇತ್ತು.

ಹಾಗಾದರೆ ಸಾಲಿನಲ್ಲಿ ಮದ್ದೇ ಇರಲಿಲ್ಲ. ಬೆರಕೆ ಕೂರದಿದ್ದದ್ದು ಸರಿ.

ಅವನು ಸ್ಟೂಲಿನ ಮೇಲೆ ಕೂತ. ಹಾಗಾದರೆ ಉಳಿದ ಐದು ಯಾವುದಕ್ಕೆ ಕೂತವು? ಬೆವರೊರೆಸಲು ಕೈ ತಾನಾಗಿ ಜೇಬಿಗೆ ಹೋಯಿತು. ಕರ್ಚೀಫು ಕೈಗೆ ಬಂತು. ಅದನ್ನು ಮೂಗಿಗೆ ಹಿಡಿದ: ಸೋಪಿನ ವಾಸನೆ, ಅದರಡಿಯಲ್ಲಿ ತನ್ನ ಬೆವರಿನದ್ದು.

ಒಂದು ಸಲ ಆದದ್ದು ಸಾಕ್ಷಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬುಧವಾರ ಬೆಳಿಗ್ಗೆ ಏಣಿಯನ್ನು ಕರೆದ. ಮದ್ದನ್ನು ಹೊಸ ಡಬ್ಬಿಗೆ ಹಾಕಿ, ಒರೆಸದೆ, ಇಕ್ಕಳದಿಂದಲೇ ಎರಡನೆಯ ಜಾಗದಲ್ಲಿಟ್ಟಿದ್ದ. ಆರನೆಯ ಜಾಗದಲ್ಲಿ ಕರ್ಚೀಫಿನಿಂದ ಒರೆಸಿದ ಖಾಲಿ ಡಬ್ಬಿ.

"ನಿನ್ನೆ ಪಾಸಾಗಿ ನಾಳೆಯ ಲಾರಿಗೂ ಹೆಸರು ಬಂತಲ್ಲ ಮಾವ, ಇವತ್ತೇನು?"

"ಒಂದು ಸುತ್ತು ಓಡಿಸಪ್ಪ. ನನ್ನ ಸಮಾಧಾನಕ್ಕೆ."

ಏಣಿಯ ನಾಯಿ ಎರಡನೆಯ ಡಬ್ಬಿಯ ಮೇಲೆ ಮೂಗಾಡಿಸಿ, ನಿಲ್ಲದೆ, ಮುಂದೆ ಹೋಯಿತು. ಆರನೆಯದರ ಮುಂದೆ ಕೂತಿತು. ಏಣಿ ಹಲಗೆಯ ಕಡೆ ತಿರುಗಿದ. ಡಬ್ಬಿ ಮಾವನ ಬಾಯಿಂದ ಹೌದೂ ಬರಲಿಲ್ಲ, ಅಲ್ಲವೂ ಬರಲಿಲ್ಲ. ನಾಯಿಯ ನಿಶ್ಚಯ ನೋಡಿಯೇ ಏಣಿ ಚೆಂಡು ಎಸೆದ. ಜಾಗ ಬದಲಿಸಿ ಇನ್ನೆರಡು ಸಲ ಓಡಿಸಿದರು. ಮೂರೂ ಸಲ ಅದೇ.

"ನೋಡಿದ್ರಾ, ತಪ್ಪೋದೇ ಇಲ್ಲ" ಎಂದು ಏಣಿ ನಾಯಿಯ ಕತ್ತು ತಿಕ್ಕಿದ. ನಾಯಿ ಖುಷಿಯಿಂದ ಬಂದು ಡಬ್ಬಿ ಮಾವನ ಜೇಬಿಗೆ ಮೂತಿ ಒತ್ತಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ತಟ್ಟೆಯ ಮುಂದೆ ಕೂತು ಎಲ್ಲ ಹೇಳಿದ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಹೇಳಿದ್ರೆ ಏನಾಗತ್ತೆ?"

"ಲಾರಿ ನಿಲ್ಲತ್ತೆ."

"ಹೇಳದಿದ್ರೆ?"

"ನಾಳೆ ಆರಕ್ಕೆ ಹೊರಡತ್ತೆ. ಆ ಉದ್ದನೆಯವನು ಆ ನಾಯಿ ಹಿಂದೆ ನಡೀತಾನೆ."

"ಮತ್ತೆ ಇದರಲ್ಲಿ ಯೋಚಿಸೋಕೆ ಏನಿದೆ? ಊಟ ಮಾಡಿ, ಹೋಗಿ ಹೇಳಿ. ನಿಮ್ಮ ಕೆಲಸ ಹೋದ್ರೆ ಹೋಗಲಿ."

"ಕೆಲಸದ ಮಾತಲ್ಲ ಕಣೇ." ಅವನು ಅನ್ನವನ್ನು ಕಲಸುತ್ತಲೇ ಇದ್ದ. "ಇಷ್ಟು ವರ್ಷ ನಾನು ಒರೆಸಿ ಕಳಿಸಿದ ನಾಯಿಗಳು? ಸ್ಟೋರಿನಲ್ಲಿ ಕೂತಿದಾಳಲ್ಲ, ಅವಳಿಗೆ ಏನು ಹೇಳಲಿ?"

ಹೆಂಡತಿಯ ಕೈ ನಿಂತಿತು. ಅವಳ ಮಡಿಲಲ್ಲಿ ಅರ್ಧ ಮಡಿಸಿದ ಕರ್ಚೀಫಿತ್ತು.

ಆರು ವರ್ಷದ ಹಿಂದೆ ಗಡಿಯ ಮಣ್ಣು ರಸ್ತೆಯೊಂದರಲ್ಲಿ ಕರಿಮೂತಿ ಎಂಬ ನಾಯಿ ಮತ್ತು ಅದರ ಹಿಂದೆ ನಡೆಯುತ್ತಿದ್ದ ಸೈನಿಕ ಇಬ್ಬರೂ ಒಂದೇ ಸಿಡಿತಕ್ಕೆ ಬಲಿಯಾಗಿದ್ದರು. ಕೇಂದ್ರದ ಪಡಸಾಲೆಯಲ್ಲಿ ಇಬ್ಬರ ಫೋಟೋ ಇದೆ. ಆ ಸೈನಿಕನ ಹೆಂಡತಿಗೆ ಕೇಂದ್ರದ ಸ್ಟೋರಿನಲ್ಲೇ ಕೆಲಸ ಕೊಟ್ಟರು. ತಿಂಗಳಿಗೊಮ್ಮೆ ಡಬ್ಬಿ ಮಾವನಿಗೆ ಗ್ಲೌಸು ಕೊಡುವವಳು ಅವಳೇ. ನೆಗಡಿಯಾದರೆ ಮಾತ್ರೆ ತಂದುಕೊಡುವವಳೂ ಅವಳೇ.

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದ. ನಾಯಿಗಳ ವೈದ್ಯೆಯೂ ಪರೀಕ್ಷಾಧಿಕಾರಿಯೂ ಆದ ಆಕೆ ಮುಲಾಮು ಹಚ್ಚುತ್ತಿದ್ದ ನಾಯಿಯ ಪಂಜವನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದಳು. ಬೈಯಲಿಲ್ಲ. ಕರ್ಚೀಫನ್ನು ಇಕ್ಕಳದಿಂದ ಎತ್ತಿ ಗಾಜಿನ ಜಾಡಿಗೆ ಹಾಕಿ ಮುಚ್ಚಿದಳು.

ಒಂದು ಗಂಟೆಯೊಳಗೆ ಮತ್ತೆ ಪರೀಕ್ಷೆ. ಈ ಸಲ ಡಬ್ಬಿ ಇಟ್ಟವನು ತೋಟದ ಮಾಲಿ. ಐದು ಜಾತಿ ನಾಯಿಗಳಲ್ಲಿ ಮೂರು ಕರ್ಚೀಫಿನಿಂದ ಒರೆಸಿದ ಖಾಲಿ ಡಬ್ಬಿಗೆ ಕೂತವು. ಒಂದು ಎರಡರ ನಡುವೆ ಓಡಾಡಿ ಗೊಂದಲಕ್ಕೆ ಬಿತ್ತು. ಒಂದು ಮಾತ್ರ ಮದ್ದಿಗೆ ಕೂತಿತು. ಬೆರಕೆ ಕರ್ಚೀಫಿನ ಡಬ್ಬಿಯನ್ನು ಕಸದಂತೆ ದಾಟಿ, ಮದ್ದಿನ ಮುಂದೆ ಕೂತು, ಗಿಡ್ಡ ಕಾಲುಗಳನ್ನು ಜೋಡಿಸಿಕೊಂಡಿತು. ಜಾಗ ಬದಲಿಸಿ ಹತ್ತು ಸಲ ಓಡಿಸಿದರು. ಹತ್ತೂ ಸಲ ಸರಿ.

"ಇದರಲ್ಲಿ ರಕ್ತದ ಮಹಿಮೆ ಏನಿಲ್ಲ" ಅಂದಳು ಡಾಕ್ಟರಮ್ಮ. "ಯಾವ ನಾಯಿಗಾದ್ರೂ ಎರಡು ವಾಸನೆ ಒಟ್ಟಿಗೆ ಕೊಟ್ಟು ಚೆಂಡು ಎಸೆದ್ರೆ, ಸುಲಭದ್ದನ್ನ ಹಿಡ್ಕೊಳ್ಳತ್ತೆ. ಇದಕ್ಕೆ ಠಾಣೆಯಲ್ಲಿ ಮದ್ದು ಯಾರು ಹೂಳಿ ಕೊಡ್ತಿದ್ರು?"

"ಯಾರು ಸಿಕ್ಕಿದ್ರೆ ಅವರು ಮೇಡಂ" ಅಂದ ಮೌನಿ. "ಅಡುಗೆಯವನು, ಡ್ರೈವರ್ರು, ಕ್ಷೌರದವನು. ನಮ್ಮಲ್ಲಿ ಡಬ್ಬಿ ಮಾವ ಇರಲಿಲ್ಲವಲ್ಲ." ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳೀಬೇಡಿ ಮಾವ."

"ಸರಿಯಾಗೇ ಹೇಳಿದೆ" ಅಂದ ಡಬ್ಬಿ ಮಾವ.

ಗುರುವಾರದ ಲಾರಿ ನಿಂತಿತು. ಏಣಿ ತನ್ನ ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದ; ನಾಯಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ಮತ್ತೆ ಮತ್ತೆ ಚೆಂಡು ತಂದು ಅವನ ಕಾಲ ಬಳಿ ಇಡುತ್ತಿತ್ತು. ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಗಡಿಯ ಠಾಣೆಗಳಿಗೆ ಫೋನು ಮಾಡತೊಡಗಿದಳು. ಈಗ ಕೆಲಸದಲ್ಲಿರುವ ನಾಯಿಗಳು ಹದಿನೇಳು. ಹದಿನೇಳನ್ನೂ ಇಂದೇ ರಸ್ತೆಯಿಂದ ಇಳಿಸಬೇಕು.

ಆಕೆ ಹೊರಗೆ ಬಂದಾಗ ಡಬ್ಬಿ ಮಾವ ಮೆಟ್ಟಿಲ ಮೇಲೆ ನಿಂತಿದ್ದ.

"ಕರಿಮೂತಿ?" ಅಂದ.

"ಆ ರಸ್ತೆಯಲ್ಲಿ ಹಿಂದಿನ ದಿನ ಮಳೆ ಬಂದಿತ್ತು. ಬಾಂಬು ಆಳದಲ್ಲಿತ್ತು. ಎಂಥ ನಾಯಿಯೂ ತಪ್ಪಬಹುದಾಗಿತ್ತು. ನಿಶ್ಚಯವಾಗಿ ಹೇಳೋಕಾಗಲ್ಲ." ಆಕೆ ಸೇರಿಸಿದಳು: "ಇದು ಸಮಾಧಾನಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಹೇಳೋಕಾಗಲ್ಲ. ಅವಳಿಗೆ ನಾನು ತಿಳಿಸ್ತೀನಿ, ನೀವು ಮನೆಗೆ ಹೋಗಿ."

"ಬೇಡ ತಾಯಿ. ನಾನೇ ಹೇಳ್ತೀನಿ."

ಸ್ಟೋರಿನ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡು ಹೋದ. ನಿಶ್ಚಯವಾಗಿ ಹೇಳೋಕಾಗಲ್ಲ. ಸುಳ್ಳಲ್ಲದ ಮಾತು. ಅದನ್ನು ಹಿಡಿದುಕೊಂಡು ದಡ ಸೇರಬಹುದು.

ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಂತು ಕೇಳಿದಳು. ಅವನು ಮೊದಲಿನಿಂದ ಹೇಳಿದ: ಧೂಳು, ಕರ್ಚೀಫು, ಹೊಸ ಡಬ್ಬಿ, ತೂಕ. ಮಾತು ಮುಗಿದ ಮೇಲೆ ಅವಳು ಮೇಜಿನ ಮೇಲಿನ ಪೆನ್ನನ್ನು ಸರಿಯಾಗಿ ಇಟ್ಟಳು.

"ಕರಿಮೂತಿನೂ ನಿಮ್ಮ ಜೇಬು ಮೂಸ್ತಿತ್ತಾ ಮಾವ?"

ಬಾಯಿಪಾಠ ಮಾಡಿದ ಉತ್ತರ ಈ ಪ್ರಶ್ನೆಯದ್ದಲ್ಲ. ಮಳೆಯ ಮಾತು, ಆಳದ ಮಾತು, ಯಾವುದೂ ಇದಕ್ಕೆ ಸೇರುವುದಿಲ್ಲ. ಅವಳು ಕೇಳಿದ್ದು ಅವನು ಕಣ್ಣಾರೆ ಕಂಡದ್ದನ್ನು.

"ಮೂಸ್ತಿತ್ತಮ್ಮ" ಅಂದ. "ಎಲ್ಲ ನಾಯಿಗಳಿಗಿಂತ ಹೆಚ್ಚಾಗಿ."

ಅವಳು ತಲೆಯಾಡಿಸಿದಳು. ಕಿಟಕಿಯಾಚೆ ಮೌನಿ ಬೆರಕೆಯನ್ನು ಅಂಗಳದಲ್ಲಿ ನಡೆಸುತ್ತಿದ್ದ. ಏಣಿಗೆ ಏನೋ ಹೇಳಿ ನಗಿಸಲು ನೋಡುತ್ತಿದ್ದ. ಅವಳು ತಿರುಗಿ ಕಪಾಟಿನಿಂದ ಗ್ಲೌಸಿನ ಪೆಟ್ಟಿಗೆ ಇಳಿಸಿದಳು.

"ಇನ್ಮೇಲೆ ಹೇಗೆ ಇಡ್ತಾರಂತೆ?"

"ಎಂಟಕ್ಕೂ ಹೊಸ ಗ್ಲೌಸು. ಎಂಟಕ್ಕೂ ಒಂದೇ ರೀತಿ. ದಿನಕ್ಕೊಬ್ಬರ ಕೈ."

"ನೀವು?"

"ನನ್ನ ಪಾಳಿ ಬಂದಾಗ ನಾನೂ. ಡಾಕ್ಟರಮ್ಮ ಬಿಟ್ಟರೆ."

ಅವಳು ಪೆಟ್ಟಿಗೆಯನ್ನು ಅವನ ಮುಂದೆ ತಳ್ಳಿ, ಪುಸ್ತಕ ತೆರೆದು, ಸಾಲು ತೋರಿಸಿದಳು.

"ಸಹಿ ಮಾಡಿ" ಅಂದಳು. ಆರು ವರ್ಷದಲ್ಲಿ ಮೊದಲ ಸಲ, ಆ ಮಾತಿನ ಕೊನೆಯಲ್ಲಿ 'ಮಾವ' ಇರಲಿಲ್ಲ.

ಅವನು ಸಹಿ ಮಾಡಿ, ಪೆಟ್ಟಿಗೆ ಎತ್ತಿಕೊಂಡು, ಅಂಗಳಕ್ಕೆ ಇಳಿದ. ಎದುರಿಗೆ ಬಂದ ಬೆರಕೆ ಎಂದಿನಂತೆ ಒಮ್ಮೆ ಅವನ ಮುಖ ನೋಡಿ, ಖಾಲಿ ಜೇಬಿನ ಪಕ್ಕದಲ್ಲೇ ಹಾದು ಮುಂದೆ ಹೋಯಿತು.