ದೊಡ್ಡಪ್ಪನ ನಾಲಿಗೆಯ ತೇವ

ದೊಡ್ಡಪ್ಪನ ಕೆನ್ನೆಯ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ರೇಡಿಯೇಶನ್ನಿನ ಕರೆಂಟು ಇಡಿಸಿ, ರಾಮಗಿರಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ನಾನು ಏನಿದ್ದರೂ ಬರೆದಿಡುವವಳೆಂದು, ಆಸ್ಪತ್ರೆಯ ನರ್ಸಮ್ಮ ಹೇಳಿಕಳಿಸಿದ್ದನ್ನೆಲ್ಲ ಅಪ್ಪ ನನಗೇ ಒಪ್ಪಿಸಿದ: ಕಾಲು ಗಂಟೆಗೊಮ್ಮೆ ಗುಟುಕು ನೀರು, ದಿನಕ್ಕೆ ಆರು ಸಲ ಉಪ್ಪು-ಸೋಡಾ ನೀರು ಮುಕ್ಕಳಿಸುವುದು, ಎಲೆಅಡಿಕೆ ಹೊಗೆಸೊಪ್ಪು ಬಂದ್. ಕರೆಂಟಿಗೆ ಜೊಲ್ಲಿನ ಗ್ರಂಥಿಗಳು ಬತ್ತುತ್ತವಂತೆ. ಬಾಯಿ ಒಣಗಲು ಬಿಟ್ಟರೆ ಹುಣ್ಣಾಗಿ ಹಲ್ಲೂ ಹೋಗುತ್ತವಂತೆ.

ದೊಡ್ಡಪ್ಪನಿಗೆ ಹಲ್ಲಿನ ಚಿಂತೆ ಇರಲಿಲ್ಲ. ಅವನು ಕುರಿ ಕರೆಯುತ್ತಿದ್ದದ್ದು ನಾಲಿಗೆ ಹೊರಳಿಸಿ, ‘ಟ್ರ್ರ್ರ್ಯೋ’ ಎಂದು. ಅವನ ಹಿಂಡು ಬೇರೆ ಯಾರ ದನಿಗೂ ತಿರುಗುತ್ತಿರಲಿಲ್ಲ. ಒಣಗಿದ ನಾಲಿಗೆ ಹೊರಳುವುದಿಲ್ಲ. ದನಿ ಬಾರದಿದ್ದರೆ ಹಿಂಡು ಚಿಕ್ಕಪ್ಪನಿಗೆ, ದೊಡ್ಡಪ್ಪನಿಗೆ ಜಗಲಿ.

ಮೊದಲ ದಿನ ನನ್ನ ಪುಸ್ತಕದಲ್ಲಿ ನೀರಿನ ಲೆಕ್ಕಕ್ಕೆ, ಗುಟುಕಿಗೊಂದರಂತೆ, ಬಿದ್ದದ್ದು ಏಳೇ ಗೆರೆ.

“ಲೇ ಹುಡುಗಿ, ಕುರಿ ಹಿಂದೆ ಹೋಗೋರು ಗುಟುಕು ಗುಟುಕು ನೀರು ಕುಡೀತಾರೇನೆ? ಕುಡಿದಷ್ಟೂ ದಾಹ ಹತ್ತೈತೆ. ನಮ್ಮಪ್ಪ ಹೇಳ್ಕೊಟ್ಟಿದ್ದು ಬ್ಯಾರೆ ಐತೆ,” ಎಂದ.

ಅದೇನೆಂದು ಮರುದಿನ ತಿಳಿಯಿತು. ಅಡವಿಯಲ್ಲಿ ನೀರು ಸಿಗದಾಗ ಕುರಿ ಕಾಯುವವರು ದವಡೆಗೆ ಹುಣಸೆಹಣ್ಣು ಒತ್ತಿಕೊಳ್ಳುತ್ತಾರೆ. ಅವನೂ ಬೀಜದ ಸಮೇತ ಒತ್ತಿಕೊಂಡಿದ್ದ. ಬೆಂದ ಬಾಯಿಗೆ ಹುಳಿ ತಾಗಿ ಕಂಬ ಹಿಡಿದು ಕೂತುಬಿಟ್ಟ. ಉಗಿದದ್ದರಲ್ಲಿ ರಕ್ತವಿತ್ತು.

“ಕುರಿಗಾದ್ರೂ ಹೇಳಿದ್ದು ತಿಳೀತೈತೆ,” ಎನ್ನುತ್ತ ದೊಡ್ಡಮ್ಮ ಉಪ್ಪುನೀರು ತಂದಳು.

ದುರ್ಗದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, “ಹುಳಿ ಬ್ಯಾಡ್ರಿ. ಬೀಜ ಇಟ್ಕಳ್ರಿ, ಚೆನ್ನಾಗಿ ತೊಳೆದು. ನುಂಗಬ್ಯಾಡ್ರಿ ಮತ್ತೆ. ಗ್ರಂಥಿ ಒಂದಿಷ್ಟು ಉಳಿದಿದ್ರೆ ಅದಕ್ಕೆ ಕೆಲಸ ಕೊಡಬೇಕು. ನೀರು ಮಾತ್ರ ಬಿಡಂಗಿಲ್ಲ,” ಎಂದರು.

ವಾಪಸು ಬಸ್ಸಿನಲ್ಲಿ, ಒಣಗಿದ ಬಾಯಿ ಹೇಗಿರುತ್ತದೆಂದು ನೋಡಲು, ನಾನು ಬಾಯಿ ತೆರೆದುಕೊಂಡು ನೂರೆಂಬತ್ತರವರೆಗೆ ಎಣಿಸಿದೆ. ನಾಲಿಗೆ ಅಂಗುಳಿಗೆ ಅಂಟಿತು. ಕಂಡಕ್ಟರಿಗೆ ಊರ ಹೆಸರು ಹೇಳಲು ತಡವರಿಸಿದೆ. ಬಾಯಿ ಮುಚ್ಚಿದ್ದೇ ತಡ, ಎಲ್ಲಿಂದಲೋ ನೀರೂರಿತು. ಹದಿನೇಳು ವರ್ಷ ನನ್ನೊಳಗೆ ಒಂದು ಒರತೆ ಹೀಗೆ ಸದ್ದಿಲ್ಲದೆ ಜಿನುಗುತ್ತಿತ್ತು, ನಾನದನ್ನು ಒಂದು ದಿನವೂ ಬರೆದಿಟ್ಟಿರಲಿಲ್ಲ.

ಆಮೇಲೆ ಗೆರೆಗಳು ದಿನಕ್ಕೆ ಐವತ್ತು ದಾಟಿದವು. ಹತ್ತೊಂಬತ್ತನೆಯ ದಿನ ದೊಡ್ಡಪ್ಪ ಬೀಜ ತೆಗೆದು ಅಂಗೈಯಲ್ಲಿ ತೋರಿಸಿದ. ಹೊಳೆಯುತ್ತಿತ್ತು. ಗುಟುಕು ಕುಡಿದು ಆಗಲೇ ಬಹಳ ಹೊತ್ತಾಗಿತ್ತು. ಆ ತೇವ ಅವನದೇ. ಮನೆಮಂದಿಯೆಲ್ಲ ಬಗ್ಗಿ ನೋಡಿದೆವು.

ನಲವತ್ತೊಂದನೆಯ ದಿನ ಸಂಜೆ ಅವನು ಕುರಿರೊಪ್ಪದ ಬಾಗಿಲಿಗೆ ಬಂದ. ಹಿಂಡು ಎದುರಿನ ಬೀಳು ಹೊಲದಲ್ಲಿ ಹರಡಿತ್ತು. ಮೊದಲ ಸಲ ಬರೀ ಗಾಳಿ ಬಂತು. ಚಿಕ್ಕಪ್ಪ ತಲೆ ತಗ್ಗಿಸಿದ. ದೊಡ್ಡಪ್ಪ ಚೊಂಬಿನಿಂದ ಗುಟುಕು ನೀರು ಬಾಯಿತುಂಬ ಆಡಿಸಿ ನುಂಗಿ, ನಾಲಿಗೆ ಹೊರಳಿಸಿದ. ಮೊದಲಿನ ಅರ್ಧದಷ್ಟೂ ಇರದ, ಒಡೆದ ಒಂದು ‘ಟ್ರ್ರ್ಯೋ’.

ಒಂದು ಮುದಿ ಕುರಿ ಕಿವಿ ನಿಮಿರಿಸಿತು. ನೋಡನೋಡುತ್ತ ಬೀಳು ಪೂರಾ ನಮ್ಮತ್ತ ತಿರುಗಿತು.

ದೊಡ್ಡಪ್ಪ ಹಿಂತಿರುಗಿ ನೋಡದೆ ನನ್ನತ್ತ ಕೈ ಚಾಚಿದ.

“ಇನ್ನೊಂದು ಗುಟುಕು ಕೊಡೇ. ಎಲ್ಡು ಕುರಿ ಹಿಂದೆ ಉಳಿದಾವೆ.”