ಗುರುಸಿದ್ದಪ್ಪ ಕನ್ನಡದಲ್ಲಿ ಹೇಳಿದ್ದು

ನಾಗಪುರದ ನಮ್ಮಂಥ ಕನ್ನಡಿಗರಿಗೆ ಒಂದು ಸೊಕ್ಕು ಇದೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸಾಹೇಬನ ಮೂಗಿನ ಕೆಳಗೇ ನಿಂತು ಮನೆಯ ಗುಟ್ಟನ್ನೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಆಡುತ್ತೇವೆ. ಇಲ್ಲಿ ಯಾರಿಗೆ ತಿಳಿಯಬೇಕು! ಕಾಮಠಿ ರಸ್ತೆಯ ನಮ್ಮ ವಠಾರದಲ್ಲಿ ಪಕ್ಕದ ಮನೆಯ ಗುರುಸಿದ್ದಪ್ಪನಿಗೆ ಈ ಸೊಕ್ಕು ಒಂದು ತೂಕ ಹೆಚ್ಚೇ ಇತ್ತು.

ಗದಗಿನ ಕಡೆಯವನು. ಇಲ್ಲಿನ ಒಂದು ಸರಕಾರಿ ಕಚೇರಿಯ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಹೆಸರು, ಪಾಸ್‌ವರ್ಡ್ ಕೇಳಿ, ಯಾರು ಯಾವ ಫೈಲು ತೆರೆಯಬಹುದೆಂದು ನೋಡಿ ಒಳಬಿಡುವ ವ್ಯವಸ್ಥೆಗೆ ಡೈರೆಕ್ಟರಿ ಎನ್ನುತ್ತಾರಂತೆ. ಅವರ ಕಚೇರಿಯ ಡೈರೆಕ್ಟರಿ ಒಂದು ಕಂಪನಿಯ ಸೊತ್ತು. ಒಳಗೇನಿದೆ ಎಂದು ತೋರಿಸುವುದಿಲ್ಲ; ಕೆಟ್ಟರೆ ಮುಂಬೈಯಿಂದ ಅವರ ಎಂಜಿನಿಯರನೇ ಬರಬೇಕು. 2004ರಲ್ಲಿ ಗುರುಸಿದ್ದಪ್ಪ ಅದನ್ನು ಕಿತ್ತು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಲಿನಕ್ಸ್ ವ್ಯವಸ್ಥೆ ಹಾಕಲು ಹೊರಟ. ವರ್ಷಗಟ್ಟಲೆ ಅವನಿಗೆ ಇದೇ ಹುಚ್ಚು. ಸಾಹೇಬ ಗೊಣಗುತ್ತಲೇ ಒಪ್ಪಿದ್ದ.

ಅವನ ಜೊತೆ ಕೆಲಸಕ್ಕಿದ್ದವನು ಲಕ್ಷ್ಮೀಕಾಂತ, ಮರಾಠಿಯವನು. ಆ ಡೈರೆಕ್ಟರಿ ಕಂಪನಿಯವರ ಪರೀಕ್ಷೆ ಪಾಸು ಮಾಡಿ ಬಡ್ತಿಗೆ ಕಾಯುತ್ತಿದ್ದ. ಆ ವ್ಯವಸ್ಥೆ ಹೋದರೆ ಅವನ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ಆದರೂ ಮುಖದಲ್ಲಿ ಮುನಿಸು ಕಾಣಲಿಲ್ಲ. ಗುರುಸಿದ್ದಪ್ಪನ ಹೆಂಡತಿ ಸತ್ಯಭಾಮಾ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಇವನ ಹೊಟ್ಟೆಗೇ ಹೋಗುತ್ತಿತ್ತು.

ಭಾನುವಾರ ಹೊಸದಕ್ಕೆ ಬದಲಾಗುವುದೆಂದು ನಿಗದಿಯಾಯಿತು. ಗುರುವಾರ ಊಟದ ಹೊತ್ತಿಗೆ ಗುರುಸಿದ್ದಪ್ಪ ಎಂದಿನಂತೆ ಮನೆಗೆ ಫೋನ್ ಮಾಡಿದ. ಮೊದಲು ಹೆಂಡತಿಯ ಆರೋಗ್ಯ, ಆಮೇಲೆ ತನ್ನ ಚಿಂತೆ.

"ಹಳೇ ಪಾಸ್‌ವರ್ಡ್ ಒಂದೂ ಹೊಸದಕ್ಕ ಬರಂಗಿಲ್ಲ ನೋಡು. ಎಲ್ಲಾರೂ ಹೊಸದು ಹಾಕ್ಕೋಬೇಕು. ಸಾಹೇಬಗ ಈಗ ಹೇಳಿದ್ರ ಹೆದರಿ ಕೈಬಿಡ್ತಾನ, ಪುಕ್ಕಲ ಅದಾನ. ಸೋಮವಾರ ಎಲ್ಲಾ ಚಾಲೂ ಆದಮ್ಯಾಲ ಹೇಳ್ತೀನಿ."

ಎದುರಿಗೆ ಲಕ್ಷ್ಮೀಕಾಂತ ಚಟ್ನಿ ನೆಕ್ಕುತ್ತಿದ್ದ.

ಮುಚ್ಚಿಟ್ಟದ್ದು ತಪ್ಪೇ, ನಾನೇನು ಇಲ್ಲವೆನ್ನುವುದಿಲ್ಲ. ಆದರೆ ಶುಕ್ರವಾರ ಸಾಹೇಬ ಕರೆಸಿ, ಸೋಮವಾರ ಹೇಳುವವನಿದ್ದೆಯಾ ಎಂದು ಮರಾಠಿಯಲ್ಲಿ ಆ ಮಾತನ್ನೇ ಮುಖಕ್ಕೆ ಎಸೆದ. ಪುಕ್ಕಲ ಅಂದದ್ದನ್ನೂ ಬಿಡಲಿಲ್ಲ. ಹೊಸ ವ್ಯವಸ್ಥೆ ರದ್ದಾಯಿತು. ಇನ್ನು ಮುಂದೆ ಕಂಪ್ಯೂಟರೆಲ್ಲ ಲಕ್ಷ್ಮೀಕಾಂತನ ವಶ.

ಆ ಮಾತು ಕೇಳಿದವಳು ಸತ್ಯಭಾಮಾ ಒಬ್ಬಳೇ ತಾನೆ? ಮನೆಗೆ ಬಂದವನೇ ಅವಳ ಮೇಲೆ ಹರಿಹಾಯ್ದ. "ಯಾರ ಮುಂದ ಬಾಯಿಬಿಟ್ಟಿ?"

"ನಿಮ್ಮಾಣಿ, ಯಾರಿಗೂ ಹೇಳಿಲ್ರಿ" ಎಂದು ಅತ್ತಳು. ನಂಬಲಿಲ್ಲ. ಶನಿವಾರ, ಭಾನುವಾರ ಅವಳ ಕೈಯ ಊಟ ಮುಟ್ಟಲಿಲ್ಲ. ಗೋಡೆಯ ಈಚೆ ನಮಗೆಲ್ಲ ಕೇಳುತ್ತಿತ್ತು. ನಾನು ಹೋಗಿ ಬೈದೆ. ನನ್ನ ಮಾತಿಗೂ ಬಗ್ಗಲಿಲ್ಲ.

ಸೋಮವಾರ ಅವನು ತನ್ನ ಸಾಮಾನು ಎತ್ತಿಕೊಳ್ಳುತ್ತಿದ್ದಾಗ ಲಕ್ಷ್ಮೀಕಾಂತ ಹತ್ತಿರ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕನ್ನಡದಲ್ಲಿ ಹೇಳಿದ: "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅಕ್ಕಾರ ಗರ್ಭಚೀಲದ ಆಪರೇಷನ್ ಮುಂದಿನ ವಾರ ಐತಲ್ರಿ? ಆರಾಮ ರಜಾ ತಗೋರಿ. ಇಲ್ಲಿ ನಾ ನೋಡ್ಕೋತೀನಿ."

ಆಪರೇಷನ್ನಿನ ಸುದ್ದಿ ಪಕ್ಕದ ಮನೆಯ ನಮಗೂ ಗೊತ್ತಿರಲಿಲ್ಲ.

"ನಿನಗ ಕನ್ನಡ ಬರ್ತೈತೇನು?"

"ನಮ್ಮ ಆಯಿ ಅಕ್ಕಲಕೋಟದಾಕಿ, ಆಕಿ ಮನಿಮಾತು ಕನ್ನಡಾನ. ನೀವು ಎಂದೂ ಕೇಳಲಿಲ್ಲಲ್ರಿ."

ಇಷ್ಟು ವರ್ಷ ಅವಳ ರೊಟ್ಟಿ ಉಂಡು, ಅವಳ ನೋವನ್ನೂ ಕದ್ದು ಕೇಳಿ, ಬಾಯಿ ಒರೆಸಿಕೊಂಡು ಕೂತಿದ್ದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ಗುರುಸಿದ್ದಪ್ಪ ಮಧ್ಯಾಹ್ನವೇ ಮನೆಗೆ ಬಂದ. ನನ್ನ ಎದುರಿಗೇ ಎಲ್ಲವನ್ನೂ ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು, "ಅಷ್ಟು ನಂಬಿದ್ದೆ, ಮೋಸ ಮಾಡಿದ" ಎಂದ.

ಸತ್ಯಭಾಮಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವ ಹೊರಗಿನವ, ಬಿಡ್ರಿ" ಎಂದಳು. "ಅವನ್ನ ನಂಬಿದ್ರಿ. ನನ್ನ ನಂಬಲಿಲ್ಲ."