ಗಿರಿಜಕ್ಕನ ಹೆಸರಿನಲ್ಲಿ ನನ್ನ ಉಸಿರು

ಗಿರಿಜಕ್ಕ, ನಿಮ್ಮ ಹೆಸರಿನಲ್ಲಿ ಆ ಯಂತ್ರದೊಳಗೆ ಸೇರಿದ ಉಸಿರು ನಿಮ್ಮದಲ್ಲ. ಅದು ನನ್ನದು. ನೀವು ಚಹಾ ಮಾಡಲು ಒಳಗೆ ಹೋಗಿದ್ದಾಗ ನಾನು ಎಳೆದದ್ದು. ಏಳು ವರ್ಷ ಈ ಮಾತನ್ನು ಬಾಯಿಗೆ ತಾರದೆ ಇದ್ದೆ — ಇನ್ನು ಆಗುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಮಗಳು ಶಶಿಕಲಾಳೂ ಓದಬೇಕು, ಅವಳಿಗೆ ಎಲ್ಲವೂ ತಿಳಿಯಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಪಣಂಬೂರು ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒತ್ತಡದ ಮೀಟರುಗಳನ್ನು ನೋಡಿಕೊಂಡೆ. ಗಂಟೆಗೊಮ್ಮೆ ಸುತ್ತು ಹೋಗಿ, ಮುಳ್ಳು ಎಲ್ಲಿದೆ ನೋಡಿ, ಪುಸ್ತಕದಲ್ಲಿ ಬರೆಯುವುದು. ಒಂದು ಸುತ್ತು ತಪ್ಪಿದರೆ ನಾನು ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ — ಹಿಂದಿನದನ್ನೂ ಮುಂದಿನದನ್ನೂ ನೋಡಿ ನಡುವಿನ ಒಂದು ಅಂಕಿ ತುಂಬಿಸುತ್ತಿದ್ದೆ. ಮುಳ್ಳು ಅಲ್ಲೇ ಎಲ್ಲೋ ಇದ್ದಿರುತ್ತದೆ, ಯಾರಿಗೇನು ನಷ್ಟ, ಎಂದುಕೊಳ್ಳುತ್ತಿದ್ದೆ. ಆ ಅಭ್ಯಾಸವನ್ನೇ ನಿಮ್ಮ ಮನೆಯ ಚಾವಡಿಗೂ ತಂದೆ. ಕಬ್ಬಿಣದ ಪೈಪಿಗೂ ಒಬ್ಬ ಹೆಂಗಸಿನ ಎದೆಗೂ ವ್ಯತ್ಯಾಸ ಉಂಟೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ನಿವೃತ್ತಿಯ ಮೇಲೆ ಕೊಡಿಯಾಲ್‌ಬೈಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾಲ್ಕೈದು ಎಂಜಿನಿಯರುಗಳು ಸೇರಿ ಹೊಸ ಬಗೆಯ ಇನ್‌ಹೇಲರ್ ಮಾಡುತ್ತಿದ್ದರು. ಮುಖ್ಯಸ್ಥೆ ಶ್ವೇತಾ ಮೇಡಂ ಮೊದಲ ದಿನವೇ ನನ್ನನ್ನು ಕೂರಿಸಿ ಹೇಳಿದರು: "ಅಂಕಲ್, ಈಗ ಪೇಷಂಟ್ ಇನ್‌ಹೇಲರಿಗೆ ಹೊಂದಿಕೊಳ್ಬೇಕು. ನಾವು ಮಾಡುದು ಉಲ್ಟಾ. ಅದು ಅವರ ಉಸಿರನ್ನು ಕಲಿತು, ಸರಿಯಾದ ಹೊತ್ತಿಗೆ ಮದ್ದು ಬಿಡ್ಬೇಕು." ಕಲಿಯಬೇಕಾದರೆ ಅದಕ್ಕೆ ಉಸಿರು ಬೇಕು. ಹದಿನೈದು ದಿನ, ದಿನಕ್ಕೆ ಮೂರು ಸಲ ಎಳೆದ ಉಸಿರು. ಅದಕ್ಕೆಂದೇ ಕೊಳವೆ ಇರುವ ಸಣ್ಣ ಪೆಟ್ಟಿಗೆ. ಎಳೆದದ್ದು ಪೂರ್ತಿಯಾಗಿದ್ದರೆ ಹಸಿರು ದೀಪ, ನಡುವೆ ತುಂಡಾದರೆ ಕೆಂಪು. "ಹಸಿರು ಬಾರದಿದ್ರೆ ಬರಲಿಲ್ಲ ಅಂತಲೇ ಬರೀರಿ. ನಮಗೆ ಅದೂ ಬೇಕು." ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಆದ್ದರಿಂದ ತಪ್ಪನ್ನು ಅವರ ಮೇಲೆ ಹೊರಿಸುವ ದಾರಿಯೂ ನನಗಿಲ್ಲ.

ಪೆಟ್ಟಿಗೆ ಹಿಡಿದು ಕುಲಶೇಖರದ ನಿಮ್ಮ ಮನೆಗೆ ಬಂದೆ. ಹೆಂಚಿನ ಕಾರ್ಖಾನೆಯ ಧೂಳು ಕುಡಿದ ಎದೆ ನಿಮ್ಮದು. ಕೊಳವೆ ನೋಡಿದ ಕೂಡಲೇ ನಕ್ಕಿರಿ.

"ಎಂತ ಶೆಟ್ರೇ, ಈ ಪ್ರಾಯದಲ್ಲಿ ನನಗೆ ಕೊಳಲು ಕಲಿಸ್ಲಿಕ್ಕೆ ಬಂದದ್ದಾ?"

"ಇದು ಊದುವ ಕೊಳಲಲ್ಲ ಗಿರಿಜಕ್ಕ, ಎಳೆಯುವ ಕೊಳಲು."

"ಹಾಗಾದ್ರೆ ಹಾಡು ಬರುದಿಲ್ಲ ಮಾರಾಯ್ರೆ, ಕೆಮ್ಮು ಬರ್ತದೆ."

ಕೆಮ್ಮೇ ಬಂತು. ಮೊದಲ ಮೂರು ದಿನವೂ ಕೆಂಪು ದೀಪ. ಅರ್ಧ ಎಳೆಯುತ್ತೀರಿ, ನಿಲ್ಲುತ್ತೀರಿ, ಕೆಮ್ಮುತ್ತೀರಿ, ಕಣ್ಣಲ್ಲಿ ನೀರು. "ಇನ್ನೊಮ್ಮೆ ಕೊಡಿ" ಎಂದು ನೀವೇ ಕೇಳುತ್ತಿದ್ದಿರಿ. ನಿಮಗೆ ಅದನ್ನು ಗೆಲ್ಲಬೇಕಿತ್ತು. ನನಗೆ — ಬಸ್ಸು ಹಿಡಿಯಬೇಕಿತ್ತು. ಇನ್ನೂ ಮೂರು ಮನೆಗಳಿದ್ದವು, ಬಿಸಿಲು ಏರುತ್ತಿತ್ತು.

ನಾಲ್ಕನೆಯ ದಿನ ನೀವು ಚಹಾಕ್ಕೆಂದು ಎದ್ದಿರಿ. ಶಶಿಕಲಾ ಕೆಲಸಕ್ಕೆ ಹೋಗಿದ್ದಳು. ಬೇಡವೆಂದರೂ ಬಂದವರಿಗೆ ನೀವೇ ಚಹಾ ಮಾಡಿ ಕೊಡಬೇಕು, ಅದು ನಿಮ್ಮ ಹಟ. ಬಾಗಿಲ ದಾರಂದ ಹಿಡಿದು ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಅಡುಗೆಮನೆಯ ಗೋಡೆ ಹಿಡಿದು ಇನ್ನೊಮ್ಮೆ ನಿಂತು, ಹೋದಿರಿ. ನಾನು ಕೊಳವೆಯ ಬಾಯಿ ಬದಲಿಸಿ ಮೂರು ಸಲ ಎಳೆದೆ. ಹಸಿರು, ಹಸಿರು, ಹಸಿರು. ನೀವು ಲೋಟ ಹಿಡಿದು ಬರುವಷ್ಟರಲ್ಲಿ ನೀವು ಬಳಸುವ ಕೊಳವೆಯ ಬಾಯಿಯನ್ನು ಮೊದಲಿನಂತೆ ಸಿಕ್ಕಿಸಿ ಆಗಿತ್ತು.

ನಿಮ್ಮ ಮೇಲಿನ ಕನಿಕರದಿಂದ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಕನಿಕರವಾಗಿದ್ದರೆ ಪೆಟ್ಟಿಗೆ ಮುಚ್ಚಿ, 'ಬರಲಿಲ್ಲ' ಎಂದು ಬರೆದು, ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಮರುದಿನದಿಂದ ಅದೇ ಕ್ರಮವಾಯಿತು. ಮೊದಲು ನೀವು ಎಳೆಯುತ್ತಿದ್ದಿರಿ, ನಾನು ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿಕೊಂಡು ದೀಪ ನೋಡುತ್ತಿದ್ದೆ. ನೀವು ಚಹಾಕ್ಕೆ ಹೋದ ಮೇಲೆ ನಿಮ್ಮ ಕೆಂಪಿನ ಬದಲು ನನ್ನದನ್ನು ತುಂಬಿಸುತ್ತಿದ್ದೆ.

"ಇವತ್ತು ಎಂತ ಬಂತು ಶೆಟ್ರೇ?"

"ಹಸಿರು."

ನಿಮ್ಮ ಮುಖ ಅರಳಿದ್ದು — ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಬೇಲಿಯಾಚೆಯ ಮನೆಯವರನ್ನು ಕರೆದು, "ನನ್ನದು ಈಗ ಹಸಿರು ಬರ್ತದೆ, ಎದೆ ಸರಿ ಆಗ್ತಾ ಉಂಟು" ಎಂದಿರಿ. ನಾನು ಅಲ್ಲೇ ಕೂತು ನಿಮ್ಮ ಚಹಾ ಕುಡಿಯುತ್ತಿದ್ದೆ. ಹನ್ನೆರಡು ದಿನ. ಮೂವತ್ತಾರು ಉಸಿರು. ಒಂದೊಂದೂ ಮೂವತ್ತು ವರ್ಷ ಕಾರ್ಖಾನೆಯ ಗೋಪುರ ಹತ್ತಿ ಇಳಿದ ಗಂಡಸಿನ ಗಟ್ಟಿ ಉಸಿರು. "ಕುಲಶೇಖರದ್ದು ಎಷ್ಟು ಕ್ಲೀನ್ ಉಂಟು ಅಂಕಲ್!" ಎಂದು ಮೇಡಂ ಹೊಗಳಿದರು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಎರಡು ತಿಂಗಳ ಮೇಲೆ ನಿಮ್ಮ ಹೆಸರು ಅಂಟಿಸಿದ ಇನ್‌ಹೇಲರ್ ಬಂತು. ಅದು ಕಲಿತದ್ದು ನನ್ನನ್ನು. ಅಷ್ಟು ಜೋರಾಗಿ ಎಳೆದರೆ ಮಾತ್ರ ಮದ್ದು ಬಿಡುತ್ತಿತ್ತು. ನಿಮಗೆ ಬಿಡಲಿಲ್ಲ.

ಕೊಡಿಯಾಲ್‌ಬೈಲಿನ ಆ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿಯ ಎದುರು ನಿಮ್ಮಿಂದ ಎಳೆಯಿಸಿದರು. ಒಮ್ಮೆ. ಇನ್ನೊಮ್ಮೆ. ಮೇಡಂ, "ಜೋರು ಎಳೀರಿ ಅಮ್ಮ, ಮನೆಯಲ್ಲಿ ಎಷ್ಟು ಚೆಂದ ಎಳೀತಿದ್ರಿ!" ಎಂದರು. ನೀವು ಕೆಮ್ಮುತ್ತ ನನ್ನ ಮುಖ ನೋಡಿದಿರಿ. ಸಾಕ್ಷಿ ನಾನೊಬ್ಬನೇ ಇದ್ದೆನಲ್ಲ. ಆಗ ನಾನು ಹೇಳಿದೆ —

"ಇವರಿಗೆ ಆಗ್ತದೆ ಮೇಡಂ. ಇವತ್ತು ಮನಸ್ಸಿಟ್ಟು ಎಳೀತಾ ಇಲ್ಲ."

ನೀವು ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೌದು, ನನ್ನದೇ ತಪ್ಪು" ಎಂದಿರಿ. ಯಾರೋ ಮುಸಿಮುಸಿ ನಕ್ಕರು. ನಿಮ್ಮ ಹಾಳೆಯಲ್ಲಿ 'ಸಹಕಾರ ಸಾಲದು' ಎಂದು ಬರೆದು ಇನ್‌ಹೇಲರನ್ನು ವಾಪಸ್ ತೆಗೆದುಕೊಂಡರು.

ಅಂದಿನಿಂದ ನೀವು ನಿಮ್ಮ ಹಳೆಯ ಇನ್‌ಹೇಲರನ್ನೂ ಜನರೆದುರು ಹೊರತೆಗೆಯಲಿಲ್ಲ. 'ನನಗೆ ಎಳೀಲಿಕ್ಕೆ ಬರುದಿಲ್ಲ' ಎಂದು ನಿಮಗೇ ನಂಬಿಕೆಯಾಗಿಬಿಟ್ಟಿತ್ತು. ಮರುವರ್ಷ ಒಂದು ಮದುವೆ ಹಾಲ್‌ನಲ್ಲಿ ಉಸಿರು ಕಟ್ಟಿದಾಗ ಅದು ನಿಮ್ಮ ಚೀಲದಲ್ಲೇ ಇತ್ತಂತೆ. ಒಂಬತ್ತು ದಿನ ಆಸ್ಪತ್ರೆ. ನಾನು ಎರಡು ಎಳನೀರು ಬೊಂಡ ಹಿಡಿದು ನೋಡಲು ಬಂದೆ. ಶಶಿಕಲಾ, "ಅಮ್ಮನಿಗೆ ಎಂತ ನಾಚಿಕೆಯೋ ಗೊತ್ತಿಲ್ಲ ಮಾಮ" ಎಂದಳು. ನನಗೆ ಗೊತ್ತಿತ್ತು. ಬೊಂಡ ಮೇಜಿನ ಮೇಲಿಟ್ಟು ಬಂದೆ. ಮೊದಲ ಸುಳ್ಳಿಗಿಂತ ಇದೇ ದೊಡ್ಡದೋ ಏನೋ — ಅಳೆಯುವ ಯೋಗ್ಯತೆ ನನಗಿಲ್ಲ.

ಕಳೆದ ವಾರ ನಿಮ್ಮ ಮನೆಗೆ ಬಂದಿದ್ದೆ. ನೀವೀಗ ಆಕ್ಸಿಜನ್ ನಳಿಗೆ ಮೂಗಿಗೆ ಹಾಕಿಕೊಂಡೇ ಇರುತ್ತೀರಿ. ನಡುನಡುವೆ ನಿಂತು, ಸಣ್ಣ ದನಿಯಲ್ಲಿ ಹೇಳಿದಿರಿ:

"ಶೆಟ್ರೇ, ಆ ಮೇಡಂ ಪಾಪ... ಅಷ್ಟು ಕಷ್ಟಪಟ್ಟು ಮಾಡಿದ್ದು. ನನ್ನಿಂದಾಗಿ ಹಾಳಾಯ್ತು ಅಲ್ವಾ? ನಿಮಗೂ ಅವತ್ತು ಮರ್ಯಾದೆ ಹೋಯ್ತು. ಬೇಜಾರು ಮಾಡ್ಬೇಡಿ ಆಯ್ತಾ."

ನೀವು ನನ್ನಲ್ಲಿ ಕ್ಷಮೆ ಕೇಳಿದಿರಿ ಗಿರಿಜಕ್ಕ. ನಾನು ತಲೆ ಆಡಿಸಿದೆ. ಆಗಲೂ ತಲೆ ಆಡಿಸಿದೆ!

ನಿನ್ನೆ ಶ್ವೇತಾ ಮೇಡಮ್ಮಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಈಗಲೂ ಅದೇ ಕೆಲಸದಲ್ಲಿದ್ದಾರೆ. ನನ್ನ ಮೂವತ್ತಾರು ಉಸಿರು ಈಗಲೂ ನಿಮ್ಮ ಹೆಸರಿನಲ್ಲಿ ಅಲ್ಲಿದೆ. ಮೇಡಂ, "ನಮಗೆ ಬೇಕಾಗಿದ್ದದ್ದೇ ಅವರ ಕೆಂಪು ದೀಪ, ಅಂಕಲ್" ಎಂದರು. ಆಮೇಲೆ ಕೇಳಿದರು: "ಅವರಿಗೆ ಹೇಳಿದ್ರಾ?"

ಇಲ್ಲ ಎಂದೆ. ಅವರು ಫೋನ್ ಇಟ್ಟರು.

ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ಹಿಡಿದು ಬರುತ್ತೇನೆ. ಶಶಿಕಲಾಳನ್ನೂ, ಬೇಲಿಯಾಚೆಯ ಮನೆಯವರನ್ನೂ ಕರೆದು ಕೂರಿಸಿ, ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ಒಂದೇ ಬೇಡಿಕೆ. ಚಹಾಕ್ಕೆಂದು ಏಳಬೇಡಿ. ಈ ಸಲ ನೀವು ಒಳಗೆ ಹೋಗಬಾರದು, ನನ್ನ ಎದುರಿಗೇ ಕೂತಿರಬೇಕು.